ಇಪ್ಪತ್ತೈದಕ್ಕೆ ನಿಂತ ಗೆರೆ

ಇಜೇರಿ
ಮಂಗಳವಾರ, 18 ನವೆಂಬರ್ 2025, ಸಂಜೆ

ಅಂದೋಲಾ ಗ್ರಾಮದ ಏಕೈಕ ವಿಜ್ಞಾನಿಯೂ, ನನ್ನ ಬೆಂಚಿನ ಎಡಭಾಗದ ಒಡತಿಯೂ ಆದ ಅನುರಾಧಾಳಿಗೆ,

ವಿಜಯಶ್ರೀ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ, ಒಬ್ಬಳನ್ನು ಬಿಟ್ಟು. ಆ ಒಬ್ಬಳು ಮಧ್ಯಾಹ್ನದಿಂದ ಒಂಬತ್ತು ಸಲ ನಿನಗೆ ಫೋನ್ ಮಾಡಿದ್ದಾಳೆ. ನಿನ್ನದು ಬಂದ್. ಅದಕ್ಕೇ ಈ ಕಾಗದ. ನಾಳೆ ಜೇವರ್ಗಿಯಿಂದ ನಿಮ್ಮೂರ ಕಡೆ ಬರುವ ಪೀರಪ್ಪ ಕಾಕಾನ ಟಂಟಂ ಆಟೋದಲ್ಲಿ ಕಳಿಸುತ್ತೇನೆ.

ಮೊದಲು ಜನ್ಮದಿನದ ಶುಭಾಶಯ. ಇದನ್ನು ಬೆಳಗ್ಗೆಯೇ ಹೇಳಬೇಕಿತ್ತು. ಹೇಳುವ ಏರ್ಪಾಟೂ ಆಗಿತ್ತು. ಆ ಏರ್ಪಾಟಿನಿಂದಲೇ ಅನಾಹುತವಾದದ್ದು.

ಅನೂ, ಸುತ್ತಿ ಬಳಸಿ ಬರೆಯಲು ಕೂತೆ, ಆಗಲಿಲ್ಲ. ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ನಿನ್ನ ಎರಡನೇ ಡಬ್ಬಿಯ ಮರಳಿನೊಳಗೆ ಬೆಲ್ಲದ ಉಂಡೆ ಇದೆ. ಇಟ್ಟವಳು ನಾನು.

ಶನಿವಾರ ನಾವಿಬ್ಬರೂ ತಗಡಿನ ಡಬ್ಬಿಗಳಿಗೆ ಮರಳು ತುಂಬಿ, ಸೈಕಲ್ ಅಂಗಡಿಯ ಬೇರಿಂಗ್ ಕಟ್ಟಿ, ಎದುರುಬದುರು ಅಯಸ್ಕಾಂತ ಅಂಟಿಸಿ, ಒಂದೊಂದನ್ನೂ ಸರಿಯಾಗಿ ಐನೂರು ಗ್ರಾಂ ತೂಗಿದೆವಲ್ಲ? ಭಾನುವಾರ ಅಜ್ಜಿ ನಿಂಬೆವ್ವ ಕರಜಗಿಯ ಗಾಣದಿಂದ ಹೊಸ ಬೆಲ್ಲ ತಂದಳು. ನಿನ್ನ ಹೆಸರು ಹೇಳಿ ಒಂದು ಉಂಡೆ ಕೇಳಿದೆ. ತಕ್ಕಡಿಗೆ ಹಾಕಿ ನೋಡಿ, "ಪಾವ್ ಕಿಲೋ ಅದ ನೋಡವಾ, ಆ ಹುಡುಗಿಗಿ ಕೊಡು" ಅಂದಳು. ಇನ್ನೊಂದು ಮಾತೂ ಅಂದಳು, ಅದು ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ. ಸೋಮವಾರ ನಿನಗಿಂತ ಮೊದಲು ಲ್ಯಾಬಿಗೆ ಹೋಗಿ ಅದನ್ನು ಡಬ್ಬಿಯಲ್ಲಿ ಹುಗಿದು ಮೇಲೆ ಟೇಪು ಸುತ್ತಿದೆ. ಭಾರ ಗೊತ್ತಾಗಬಾರದೆಂದು ಆ ಡಬ್ಬಿಯನ್ನು ಕಿಟಕಿಯ ಅಲ್ಯುಮಿನಿಯಂ ಪಟ್ಟಿಯ ಮೇಲೆ ನಾನೇ ಎತ್ತಿಟ್ಟೆ. "ಇವತ್ತೇನು ಇಷ್ಟು ಸೇವಾ ಮಾಡಾಕತ್ತೀದಿ ಬೇ?" ಅಂತ ನೀನು ಕೇಳಿದೆ ಕೂಡ. ಆಮೇಲೆ ನೀನು ಮೊದಲ ಡಬ್ಬಿಯನ್ನು ತಳ್ಳಿ ಅದಕ್ಕೆ ಡಿಕ್ಕಿ ಹೊಡೆಸಿ, ಎರಡೂ ಅಂಟಿಕೊಂಡು ಓಡಿದ್ದನ್ನು ವೇಗದ ಗ್ರಾಫಿಗಾಗಿ ಫೋನಿನಲ್ಲಿ ವಿಡಿಯೋ ಹಿಡಿದೆ. ಇಂದು ತರಗತಿಯ ಮುಂದೆ ಮುಚ್ಚಳ ತೆಗೆದು, "ಪ್ರಯೋಗದ ಫಲ ಸಿಹಿಯಾಗಿದೆ" ಎಂದು ಭಾಷಣ ಮಾಡುವುದು ನನ್ನ ಯೋಜನೆ.

ಆದರೆ ಅದಕ್ಕೂ ಮುಂಚೆ ನೀನು ಗ್ರಾಫನ್ನು ಧಮ್ಮಪಾಲ ಸರ್ ಮುಂದೆ ಹಿಡಿದೆ.

"ಏನವಾ, ಮುನ್ನೂರು ವರ್ಷದಿಂದ ಮುರೀಲಾರದ ನಿಯಮ ನಿನ್ನ ಕೈಯಾಗ ಮುರೀತೇನು? ವಿಡಿಯೋ ಸರಿಯಾಗಿ ನೋಡ್ಲಾರದೆ ಮನಸ್ಸಿಗಿ ಬಂದಂಗ ಗೆರಿ ಎಳದೀದಿ" ಅಂದರು. ವಿಡಿಯೋ ತೋರಿಸೋಣವೆಂದರೆ ಫೋನಿನಲ್ಲಿ ಜಾಗವಿಲ್ಲವೆಂದು ನೀನು ಅಳಿಸಿಬಿಟ್ಟಿದ್ದೆ. ಕಲಬುರಗಿಯ ವಿಜ್ಞಾನ ಪ್ರದರ್ಶನಕ್ಕೆ ನಾಳೆ ಹತ್ತಕ್ಕೆ ಕಳಿಸುವ ಪಟ್ಟಿಯಲ್ಲಿ ನಿನ್ನ ಹೆಸರು ತೆಗೆದು ಫರ್ದೀನನ ಹೆಸರು ಹಾಕುತ್ತೇನೆಂದರು. ಎಲ್ಲರೂ ನಕ್ಕರು. ಅನೂ, ಎಲ್ಲರಿಗಿಂತ ಮೊದಲು ಶುರುವಾದ ನಗು ನನ್ನದು. ಯಾಕೆಂದರೆ ವಿಷಯ ಗೊತ್ತಿದ್ದವಳು ನಾನೊಬ್ಬಳೇ. ಆಮೇಲೆ ನಿನ್ನ ಮುಖ ನೋಡಿದೆ. ನಗು ಅಲ್ಲೇ ಸತ್ತಿತು. ಆದರೂ ಬೆಲ್ಲದ ವಿಷಯ ಸರ್‌ಗೆ ಹೇಳಲಿಲ್ಲ.

ಕಾರಣ ನಿನಗೆ ಗೊತ್ತು. ಹಿಂದಿನ ತಿಂಗಳು ಲ್ಯಾಬಿನ ಗಡಿಯಾರವನ್ನು ಇಪ್ಪತ್ತು ನಿಮಿಷ ಮುಂದೆ ತಿರುಗಿಸಿ ಎಲ್ಲರನ್ನೂ ಮನೆಗೆ ಕಳಿಸಿದ್ದಕ್ಕೆ, "ಇನ್ನೊಂದ್ ಸಲ ಏನರ ಮಾಡಿದ್ರ ನಿನ್ನ ರೆಕಾರ್ಡಿಗಿ ಸಹಿ ಹಾಕಂಗಿಲ್ಲ" ಎಂದಿದ್ದಾರೆ. ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಇಲ್ಲ. ಹೆದರಿದೆ.

ನೀನು ಹರಿದೆಸೆದ ಗ್ರಾಫನ್ನು ಕಸದ ಬುಟ್ಟಿಯಿಂದ ಎತ್ತಿಕೊಂಡು ಬಂದೆ. ಏಳು ಚೂರು. ಅನ್ನದ ಅಗುಳು ಹಚ್ಚಿ ಕೂಡಿಸಿ, ಎರಡು ತಾಸಿನಿಂದ ನೋಡುತ್ತಾ ಕೂತಿದ್ದೇನೆ.

ಡಿಕ್ಕಿಗೆ ಮುಂಚೆ ಮೊದಲ ಡಬ್ಬಿಯ ಗೆರೆ ಸೆಕೆಂಡಿಗೆ ಅರವತ್ತು ಸೆಂಟಿಮೀಟರಿನಲ್ಲಿ ಸಪಾಟಾಗಿದೆ. ಎರಡನೆಯದು ಸೊನ್ನೆಯಲ್ಲಿ ಮಲಗಿದೆ. ಡಿಕ್ಕಿಯಾದ ಮೇಲೆ ಎರಡೂ ಒಂದೇ ಗೆರೆಯಾಗಿ ಇಪ್ಪತ್ತೈದರಲ್ಲಿ ಸಪಾಟು. ಎರಡೂ ಡಬ್ಬಿ ಸಮಭಾರವಾಗಿದ್ದರೆ ಮೂವತ್ತು ಇರಬೇಕಿತ್ತು. ಪಟ್ಟಿಯ ಘರ್ಷಣೆ ಎಳೆದಿದ್ದರೆ ಗೆರೆ ಮೆಲ್ಲಗೆ ಇಳಿಜಾರಾಗಬೇಕಿತ್ತು. ಇಳಿದಿಲ್ಲ. ಏನಾಗಿದೆಯೋ ಅದು ಡಿಕ್ಕಿಯ ಆ ಕ್ಷಣದಲ್ಲೇ ಆಗಿದೆ.

ಐನೂರು ಗ್ರಾಮನ್ನು ಅರವತ್ತರಿಂದ ಗುಣಿಸಿದರೆ ಮೂವತ್ತು ಸಾವಿರ. ಇದು ಸಂವೇಗ. ಡಿಕ್ಕಿಯ ನಂತರವೂ ಇಷ್ಟೇ ಇರಬೇಕು. ಇಪ್ಪತ್ತೈದರಿಂದ ಭಾಗಿಸಿದೆ. ಸಾವಿರದ ಇನ್ನೂರು ಗ್ರಾಂ ಬಂತು. ಎರಡು ಡಬ್ಬಿಯದು ಸಾವಿರ. ಮಿಕ್ಕ ಇನ್ನೂರು ಯಾರದು? ನನ್ನದು.

ನಿಯಮ ಮುರಿದಿಲ್ಲ, ನೀನೂ ತಪ್ಪಿಲ್ಲ. ಮೊದಲ ಡಬ್ಬಿ ಮೂವತ್ತೈದು ಕಳೆದುಕೊಂಡಿತು, ಎರಡನೆಯದಕ್ಕೆ ಸಿಕ್ಕಿದ್ದು ಇಪ್ಪತ್ತೈದೇ. ಕಡಿಮೆ ಅಲುಗಿದ್ದು ಯಾವುದೋ ಅದರ ಹೊಟ್ಟೆಯಲ್ಲಿ ಭಾರವಿದೆ. ಬೆಳಗ್ಗೆ ನೀನು ಎದ್ದು ಹೋದೆ. ನಾನು ಬೆಂಚಿನಿಂದ ಅಲುಗಲಿಲ್ಲ.

ನಾಳೆ ಬೇಗ ಹೋಗಿ ಈ ಕಾಗದವನ್ನೂ ಗ್ರಾಫನ್ನೂ ಸರ್‌ಗೆ ಮೊದಲು ತೋರಿಸುತ್ತೇನೆ. ಆದರೆ ಒಂದು ಲೆಕ್ಕ ಮಾತ್ರ ಕೂಡುತ್ತಿಲ್ಲ. ಅಜ್ಜಿ ಕೊಟ್ಟಿದ್ದು ಪಾವ್ ಕಿಲೋ, ಅಂದರೆ ಇನ್ನೂರೈವತ್ತು ಗ್ರಾಂ; ಗ್ರಾಫು ಹೇಳುವುದು ಇನ್ನೂರು. ಐವತ್ತು ಗ್ರಾಂ ಕಡಿಮೆ. ಸರ್ ಇದನ್ನೇ ಹಿಡಿದು, ಗ್ರಾಫೇ ಸುಳ್ಳು ಅಂದರೆ? ಅಜ್ಜಿಯ ತಕ್ಕಡಿ ಹಳೆಯದು, ಅದರದೇ ದೋಷವಿರಬೇಕು ಎಂದು ಭಾವಿಸೋಣ.

ಕ್ಷಮೆ ಕೇಳಲು ಮುಖವಿಲ್ಲದೆ ಕಾಗದದ ಹಿಂದೆ ಅಡಗಿರುವ,
ನಿನ್ನ ವಿಜಿ

ತಾ.ಕ.: ಬುಧವಾರ, ಹತ್ತೂ ಹತ್ತು, ಲ್ಯಾಬಿನ ಹೊರಗಿನ ಕಟ್ಟೆ. ಸರ್ ಎಲ್ಲವನ್ನೂ ಎರಡು ಸಲ ಓದಿದರು. ಟೇಪು ಕತ್ತರಿಸಿ ಉಂಡೆ ತೆಗೆದು ತೂಗಿದರು. ಇನ್ನೂರು ಗ್ರಾಂ. ಸರಿಯಾಗಿ ಇನ್ನೂರು. "ಅಜ್ಜಿ ತಕ್ಕಡಿ ಮ್ಯಾಲ ಹಾಕಬ್ಯಾಡ. ಉಳಿದ ಐವತ್ತು ಎಲ್ಲಿ ಹೋಯ್ತವಾ?" ಅಂದರು. "ಬಸ್ಸಿನಾಗ ತಿಂದೇನ್ರಿ, ಸರ್" ಅಂದೆ. ಅಜ್ಜಿ ಹೇಳಿದ ಆ ಇನ್ನೊಂದು ಮಾತು, "ಹಾದ್ಯಾಗ ಮುರಕೊಂಡು ತಿನಬ್ಯಾಡ." ನಾನು ನಿನ್ನಿಂದ ಮುಚ್ಚಿಟ್ಟಿದ್ದನ್ನೂ ನಿನ್ನ ಗ್ರಾಫು ಹಿಡಿದುಬಿಟ್ಟಿತಲ್ಲೇ! ಸರ್ ಆ ಅನ್ನ ಮೆತ್ತಿದ ಗ್ರಾಫಿಗೆ ಸಹಿ ಹಾಕಿದರು. ನನ್ನ ರೆಕಾರ್ಡಿಗೆ ಇನ್ನೂ ಹಾಕಿಲ್ಲ. ಪ್ರದರ್ಶನದ ಪಟ್ಟಿ ನಿನ್ನ ಹೆಸರಿನೊಂದಿಗೇ ಹೋಯಿತು. ಉಂಡೆಯನ್ನು ಪೀರಪ್ಪ ಕಾಕಾನ ಕೈಗೆ ಕೊಡುತ್ತಿದ್ದೇನೆ. ತೂಗಿ ತಗೋ.