ನಾಲ್ಕು ಸೆಂಟಿಮೀಟರಿನ ಹೊಕ್

ನವೆಂಬರ್ 6, ಗುರುವಾರ. ದೇಗು, ಕೊರಿಯಾ.

ಎಡ ಅಂಡಾಶಯದಲ್ಲಿ ಹೊಕ್ ಇದೆಯಂತೆ. ನಾಲ್ಕು ಸೆಂಟಿಮೀಟರಿನ, ನೀರು ತುಂಬಿದ ಗಂಟು. "ಕ್ಯಾನ್ಸರ್ ಥರ ಕಾಣ್ತಿಲ್ಲ, ಕುಯ್ಯೋದು ಬೇಡ. ಮೂರು ತಿಂಗಳು ಬಿಟ್ಟು ಬನ್ನಿ, ಅಷ್ಟರಲ್ಲಿ ತಾನಾಗೇ ಕರಗಬಹುದು," ಅಂದರು ಡಾಕ್ಟರ್ ಪ್ಯೋ. ಕೆಟ್ಟದ್ದಲ್ಲವಾದರೆ ಮತ್ತೆ ಯಾಕೆ ಬರಬೇಕು? ಕೇಳದೆಯೇ ಎದ್ದು ಬಂದೆ.

ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಸಾರು ಬಡಿಸುತ್ತಿದ್ದ ಸೌಟು ನಿಂತಿತು. ಅಪ್ಪ ತೀರಿಹೋದ ಮೇಲೆ ಅಮ್ಮನನ್ನು ಮರುಮದುವೆಗೆ ನೋಡಲು ಬಂದವರೆಲ್ಲ, ಅವಳಿಗಂಟಿಕೊಂಡಿದ್ದ ನನಗೂ ಅದೇ ಹೆಸರಿಟ್ಟಿದ್ದರು: "ಹೆಣ್ಣೇನೋ ಚೆನ್ನಾಗಿದೆ, ಜೊತೆಗೊಂದು ಹೊಕ್ ಇದೆಯಲ್ಲ!"

"ಹೊಕ್ ಇದ್ರೆ ಏನೀಗ?" ಅಂದಳು ಅಮ್ಮ. "ಮೂವತ್ತು ವರ್ಷದಿಂದ ನಂಗೂ ಒಂದಿದೆ. ಕುಯ್ಸಿಕೊಂಡ್ನಾ? ತಿನ್ನು, ಸಾರು ಆರಿಹೋಗುತ್ತೆ."

ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಕರಗಲಿ ಎಂದು ಬೇಡಿಕೊಳ್ಳಬೇಕು. ಆದರೆ ಅದರ ಹೆಸರು ಹಿಡಿದು ‘ಹೋಗು’ ಅನ್ನಲು ಈಗ ಯಾಕೋ ಮನಸ್ಸು ಬರುತ್ತಿಲ್ಲ.