ಪಾತ್ರೆ ಮುಚ್ಚಳದಂಥ ಗಾಳ

ವಿಸ್ಕಾನ್ಸಿನ್, ಜನವರಿ

ಪ್ರಿಯ ಆರ್ವಿನ್,

ತೀರಿಹೋದ ನಿಮ್ಮಣ್ಣ ಐಸಿನ ತೂತಿನ ಮೇಲಿಡುತ್ತಿದ್ದ ಮರದ ಗಾಳಗಳನ್ನೆಲ್ಲ ನೀನೇ ಇಟ್ಟುಕೊ. ಬೂಟುಗಳೂ ನಿನ್ನ ಕಾಲಿಗೆ ಆಗಬಹುದು, ನೋಡು. ಕೆರೆ ಹೆಪ್ಪುಗಟ್ಟುವ ಮೊದಲು ಅವನು ಕೊಂಡ ಆ ಮೂರು ಗುಂಡನೆಯ ಪುಟ್ಟ ಗಾಳಗಳನ್ನು ಮಾತ್ರ ಕೊಡಲಾರೆ.

"ಇದೇನಣ್ಣಾ, ಮೀನು ಹಿಡಿಯೋಕಾ, ಪಾತ್ರೆ ಮುಚ್ಚೋಕಾ?" ಎಂದು ನೀನು ಗೇಲಿ ಮಾಡಿದ್ದೆ. "ಇದನ್ನ ಮುಚ್ಚಿದ್ರೆ ಐಸಿನ ತೂತು ಮತ್ತೆ ಕಟ್ಕೊಳಲ್ಲ ಕಣೋ. ಮೂರೂ ಒಂದೇ ಬಕೆಟ್ಟಲ್ಲಿ ಕೂರ್ತವೆ" ಎಂದಿದ್ದ ಅವನು. ಎದೆನೋವಿನ ಮನುಷ್ಯ, ಭಾರ ಹೊರಲಾರದೆ ಹಗುರದ್ದು ತಂದಿದ್ದಾನೆ ಎಂದುಕೊಂಡಿದ್ದೆ ನಾನು.

ನಿನ್ನೆ ಆ ಬಕೆಟ್ಟು ತೆಗೆದೆ. ಇಲ್ಲಿನ ಕಾನೂನಿನಂತೆ ಐಸ್ ಮೇಲಿಡುವ ಪ್ರತಿ ಗಾಳದಲ್ಲೂ ಅದರ ಯಜಮಾನನ ಹೆಸರಿರಬೇಕಲ್ಲ? ಮೂರರ ಮೇಲೂ ಬಣ್ಣದಲ್ಲಿ ನನ್ನ ಹೆಸರು ಬರೆದಿದ್ದಾನೆ. ಪ್ರತಿ ಚಳಿಗಾಲವೂ ನಾನು "ನಾನೂ ಬರ್ತೀನಿ" ಎಂದರೆ, "ನಿನ್ನ ಕೈಲಿ ಆಗಲ್ಲ, ಬೆಚ್ಚಗೆ ಮನೇಲಿರು" ಎನ್ನುತ್ತಿದ್ದವನು.

ಶನಿವಾರ ಬಂದು ಮೂರು ತೂತು ಕೊರೆದುಕೊಡು. ಕೊಕ್ಕೆಗೆ ಸಣ್ಣ ಮೀನು ಸಿಕ್ಕಿಸುವುದು ಹೇಗೆಂದು ತೋರಿಸು. ಕಾಫಿ ನಾನು ತರುತ್ತೇನೆ. ಮೀನು ಕಚ್ಚಿ ಗಾಳದ ಬಾವುಟ ಎದ್ದಾಗ ಬೇಕಾದರೆ ಅವನಂತೆ "ಬಾವುಟ!" ಎಂದು ಕೂಗು. ನನ್ನ ನಡಿಗೆ ನಿಧಾನ, ಮೀನು ತಪ್ಪಿಸಿಕೊಂಡರೆ ತಪ್ಪಿಸಿಕೊಳ್ಳಲಿ. ನನ್ನ ಬದಲು ನೀನು ಮಾತ್ರ ಓಡಬೇಡ.

ನಿನ್ನ ಅತ್ತಿಗೆ,
ವರ್ಲಾ