ನೀರಿನ ಸುದ್ದಿ ಹೇಳಿದ ದಿನ

ಮಂಗಳವಾರ, ಜುಲೈ ೯

ಹೇಳಿದ್ದು ಸರಿಯೋ ತಪ್ಪೋ, ಇನ್ನೂ ಕೊರೆಯುತ್ತಿದೆ.

ಊರಿನ ಕುಡಿಯುವ ನೀರಿಗೆ ಕೊಳಚೆ ಸೇರಿರುವುದು ಬೆಳಿಗ್ಗೆ ಗೊತ್ತಾಯಿತು. "ಮೇಡಂ, ಸಂಜೆಯೊಳಗೆ ಪೈಪ್ ಸರಿಮಾಡ್ತೀವಿ. ಈಗ ಹೇಳಿದ್ರೆ ಜನ ಟ್ಯಾಂಕರ್‌ಗೆ ಮುಗಿಬೀಳ್ತಾರೆ, ವಯಸ್ಸಾದವರ ಗತಿ ಏನು?" ಎಂದರು ಎಂಜಿನಿಯರ್. ಅವರದು ಕೆಟ್ಟ ಮಾತಲ್ಲ. ಹೆಚ್ಚು ಜನರಿಗೆ ಒಳಿತಾಗುವುದೇ ಧರ್ಮವೆಂದು ಕಾಲೇಜಿನಲ್ಲಿ ನಾನೇ ವಾದಿಸಿ ಗೆದ್ದಿದ್ದೆ. ಆದರೆ ಮೇಯರ್ ಕುರ್ಚಿಯಲ್ಲಿ ಕೂತು ಜನರಿಗೆ ತಿಳಿಸದೆ ಅವರ ಒಳಿತನ್ನು ಅಳೆಯುವುದೆಂದರೆ, ಅವರನ್ನು ಕುರಿಮಂದೆ ಎಂದುಕೊಂಡ ಹಾಗಲ್ಲವೇ?

"ಕುಡಿಯೋರು ಅವರು. ಮೊದಲು ಅವರಿಗೆ ಹೇಳೋಣ," ಎಂದೆ. ರೇಡಿಯೋದಲ್ಲಿ ನಾನೇ ಹೇಳಿದೆ.

ಹೊಟ್ಟೆ ತುಂಬ ಬೈಗುಳ ಸಿಕ್ಕಿತು. ಟ್ಯಾಂಕರ್ ಮುಂದಿನ ನೂಕುನುಗ್ಗಲಿನಲ್ಲಿ ಒಬ್ಬ ಅಜ್ಜಿಯ ಕೈ ಮುರಿಯಿತು. ಆಸ್ಪತ್ರೆಗೆ ಹೋಗಿ ಕ್ಷಮೆ ಕೇಳಿದೆ. "ಕೈ ಕೂಡ್ಕೊಳ್ಳುತ್ತೆ ಬಿಡಮ್ಮ. ಗೊತ್ತಿಲ್ದೆ ಮೊಮ್ಮಗೂಗೆ ಆ ನೀರು ಕುಡಿಸಿದ್ದಿದ್ರೆ?" ಎಂದರು. ನನಗೆ ಅಳು ಬಂತು.

ಸಂಜೆ ಹೊತ್ತಿಗೆ ಸಾಲುಗಳು ತಾವಾಗಿಯೇ ನೆಟ್ಟಗಾಗಿದ್ದವು. ಅಕ್ಕಪಕ್ಕದವರು ಮುದುಕರ ಮನೆಗಳಿಗೆ ನೀರು ಹೊರುತ್ತಿದ್ದರು. ಅವರ ನಡುವೆ ನಮ್ಮ ಎಂಜಿನಿಯರೂ ಕ್ಯಾನ್ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದರು.

"ಧರ್ಮ ನಿಮ್ದು, ಸೊಂಟ ನಂದು, ಮೇಡಂ!"

ಇಬ್ಬರೂ ನಕ್ಕೆವು. ಅಜ್ಜಿಯ ಕೈ ನೆನೆದರೆ ಈಗಲೂ ಸಂಕಟವೇ. ಆದರೂ ಜನರನ್ನು ನಂಬಿದರೆ ಅವರು... ಕಣ್ಣು ಎಳೆಯುತ್ತಿದೆ.